ಮೂರು ಬಾಟಲಿಯ ಲೆಕ್ಕ: ಕರಾವಳಿಯ ನವಜಾತ ಶಿಶು ಘಟಕವೊಂದರ ಕೈ ಶುಚಿತ್ವದ ಪ್ರಕರಣ

ಈ ಪ್ರಕರಣ ಕಾರವಾರದಿಂದ ಭಟ್ಕಳದವರೆಗಿನ ಕರಾವಳಿ ಪಟ್ಟಿಯದ್ದು. ಆಸ್ಪತ್ರೆ, ಸಿಬ್ಬಂದಿ, ಕೂಸುಗಳ ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಲಾಗಿದೆ. ಬೇರೆ ಘಟಕಗಳಲ್ಲಿ ಕಂಡ ಒಂದೆರಡು ಸಂಗತಿಗಳನ್ನೂ ಇದರೊಳಗೇ ಸೇರಿಸಲಾಗಿದೆ. ಹಾಗಾಗಿ ಇಲ್ಲಿನ ಅಂಕಿಗಳನ್ನು ಲೆಕ್ಕ ಹಾಕುವ ಬಗೆ ತಿಳಿಯಲು ಓದಬೇಕು, ಯಾವುದೋ ಒಂದು ಆಸ್ಪತ್ರೆಯ ದಾಖಲೆ ಎಂದಲ್ಲ.

ಹಿನ್ನೆಲೆ

ಘಟಕದಲ್ಲಿ 12 ವಾರ್ಮರ್ (ಮೇಲಿನ ಹೀಟರಿನಿಂದ ಕೂಸನ್ನು ಬೆಚ್ಚಗಿಡುವ ಹಾಸಿಗೆ). ಅಲ್ಲೇ ಹುಟ್ಟಿದ ಕೂಸುಗಳಿಗೆ ಒಂದು ಕೋಣೆ, ಹೊರಗಿನಿಂದ ಬಂದವಕ್ಕೆ ಇನ್ನೊಂದು. ಬೆಳಗಿನ ಪಾಳಿಗೆ ಮೂವರು ಸಿಸ್ಟರ್, ಮಧ್ಯಾಹ್ನಕ್ಕೂ ರಾತ್ರಿಗೂ ಇಬ್ಬಿಬ್ಬರು, ಪಾಳಿಗೊಬ್ಬರು ಆಯಾ. ಕೈ ತೊಳೆಯುವ ಸಿಂಕ್ ಎರಡೇ: ಒಂದು ಬಾಗಿಲ ಬಳಿ, ಇನ್ನೊಂದು ಹಾಲಿನ ಕೋಣೆಯೊಳಗೆ. ಕೊನೆಯ ವಾರ್ಮರ್‌ನಿಂದ ಬಾಗಿಲ ಸಿಂಕಿಗೆ 11 ಹೆಜ್ಜೆ. ಯಾರೂ ಎಣಿಸಿರದ ಈ 11 ಹೆಜ್ಜೆ ಮುಂದೆ ಮುಖ್ಯವಾಗುತ್ತದೆ.

ಕಾಗದದ ಮೇಲೆ ಎಲ್ಲವೂ ಸರಿಯಿತ್ತು. ಒಳಗೆ ಬರುವಾಗ ಮೊಣಕೈವರೆಗೆ ಎರಡು ನಿಮಿಷ ತೊಳೆಯುವ ನಿಯಮವಿತ್ತು. ಗೋಡೆಯ ಮೇಲೆ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಹೇಳಿದ ಐದು ಕ್ಷಣಗಳ ಚಿತ್ರವಿತ್ತು: ರೋಗಿಯನ್ನು ಮುಟ್ಟುವ ಮುನ್ನ, ಸೂಜಿ–ನಳಿಕೆಯಂಥ ಶುದ್ಧ ಕೆಲಸದ ಮುನ್ನ, ಮೈದ್ರವ ತಗುಲಬಹುದಾದ ಕೆಲಸದ ನಂತರ, ರೋಗಿಯನ್ನು ಮುಟ್ಟಿದ ನಂತರ, ರೋಗಿಯ ಸುತ್ತಲಿನ ವಸ್ತುಗಳನ್ನು ಮುಟ್ಟಿದ ನಂತರ. ಕೊರೊನಾ ಕಾಲದಲ್ಲಿ ಹೆಚ್ಚು ಕೇಳಿಬಂದ, ಕೈ ತೊಳೆಯುವ ಆರು ಹಂತಗಳ ಮೊದಲ ಅಕ್ಷರ ಕೂಡಿಸಿದ ‘ಸುಮನ್–ಕೆ’ ಸೂತ್ರವೂ ಎಲ್ಲರ ಬಾಯಲ್ಲಿತ್ತು. ಸೀಧಾ (ಅಂಗೈ), ಉಲ್ಟಾ (ಕೈಯ ಹಿಂಬದಿ), ಮುಟ್ಠೀ (ಮುಷ್ಟಿ), ಅಂಗೂಠಾ (ಹೆಬ್ಬೆರಳು), ನಾಖೂನ್ (ಉಗುರು), ಕಲಾಈ (ಮಣಿಕಟ್ಟು) ಎಂದು ಕೊಂಕಣಿ ಮನೆಮಾತಿನವರೂ ಹಾಲಕ್ಕಿ ಕೇರಿಯಿಂದ ಬಂದ ಆಯಾ ಕೂಡ ಹಿಂದಿಯಲ್ಲೇ ಒಪ್ಪಿಸುತ್ತಿದ್ದರು. ಸರ್ಕಾರಿ ಆಸ್ಪತ್ರೆಗಳ ಶುಚಿತ್ವಕ್ಕೆ ಅಂಕ ಕೊಡುವ, 2015ರಲ್ಲಿ ಶುರುವಾದ ‘ಕಾಯಕಲ್ಪ’ ಯೋಜನೆಯ ಪರಿಶೀಲನೆಗೆಂದು ತಿಂಗಳ ಕೈ ಶುಚಿತ್ವ ರೆಜಿಸ್ಟರ್ ತುಂಬಲಾಗುತ್ತಿತ್ತು. ಕೈ ಶುಚಿ ಮಾಡಬೇಕಾದ ಸಂದರ್ಭಗಳಲ್ಲಿ ಮಾಡಿದ್ದರ ಪಾಲು ಅದರಲ್ಲಿ ಪ್ರತಿ ತಿಂಗಳೂ ಶೇ. 90ರ ಮೇಲೆ.

ಕೂಸು ಕೆಟ್ಟರೆ ಇಲ್ಲಿಂದ ದಾರಿ ಎರಡು: ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿ, ಇಲ್ಲವೇ ಹೆದ್ದಾರಿ ಹಿಡಿದು ಮಣಿಪಾಲ. ಮಳೆಗಾಲದ ರಾತ್ರಿ ಎರಡೂ ದೂರವೇ. ಘಟಕದಲ್ಲೇ ನಂಜು ಹತ್ತದಂತೆ ನೋಡಿಕೊಳ್ಳುವುದಕ್ಕೆ ಇಲ್ಲಿ ಇರುವಷ್ಟು ಬೆಲೆ ಪಕ್ಕದಲ್ಲೇ ದೊಡ್ಡಾಸ್ಪತ್ರೆ ಇರುವ ಊರಿನಲ್ಲಿ ಇರಲಾರದು.

ತೊಂದರೆ

ಮಳೆ ಹಿಡಿದು ಒಂದು ತಿಂಗಳಾಗಿತ್ತು. ಒಂಬತ್ತು ದಿನಗಳೊಳಗೆ ಮೂರು ಕೂಸುಗಳಿಗೆ ಒಂದೇ ಬಗೆಯ ಲಕ್ಷಣ ಕಾಣಿಸಿತು: ಹಾಲು ಬಿಟ್ಟವು, ಮೈ ತಣ್ಣಗಾಯಿತು, ಉಸಿರು ನಡುನಡುವೆ ನಿಲ್ಲತೊಡಗಿತು. ಮೂರೂ ಹುಟ್ಟಿ ಮೂರು ದಿನ ಕಳೆದ ಮೇಲೆ ಕೆಟ್ಟವು. ಅಂದರೆ ತಾಯಿಯಿಂದ ಬಂದ ನಂಜಿಗಿಂತ ಘಟಕದಲ್ಲೇ ಹತ್ತಿದ್ದಿರುವ ಸಾಧ್ಯತೆ ಹೆಚ್ಚು. ಮೂರರ ಬ್ಲಡ್ ಕಲ್ಚರ್‌ನಲ್ಲೂ (ರಕ್ತದಲ್ಲಿನ ಜೀವಾಣು ಬೆಳೆಸಿ ನೋಡುವ ಪರೀಕ್ಷೆ) ಕ್ಲೆಬ್ಸಿಯೆಲ್ಲಾ ಎಂಬ ಜೀವಾಣು ಬೆಳೆಯಿತು. ಯಾವ ಔಷಧಕ್ಕೆ ಬಗ್ಗುತ್ತದೆ, ಯಾವುದಕ್ಕೆ ಬಗ್ಗುವುದಿಲ್ಲ ಎಂಬ ಪಟ್ಟಿಯೂ ಮೂರಕ್ಕೂ ಒಂದೇ. ಎರಡು ಕೂಸು ಚೇತರಿಸಿಕೊಂಡವು. ಘಟ್ಟ ಹತ್ತಿಸಿದ ಮೂರನೆಯದು ಉಳಿಯಲಿಲ್ಲ.

ಕ್ಲೆಬ್ಸಿಯೆಲ್ಲಾ ಕರುಳಿನಲ್ಲಿ ವಾಸಿಸುವ ಜೀವಿ. ತಾನಾಗಿ ಹಾರಿ ಹೋಗುವಂಥದ್ದಲ್ಲ. ಒಂದು ವಾರ್ಮರ್‌ನಿಂದ ಇನ್ನೊಂದಕ್ಕೆ ಹೋಗಬೇಕಾದರೆ ಅದಕ್ಕೊಂದು ವಾಹನ ಬೇಕು. ಹೆಚ್ಚಿನ ಸಲ ಆ ವಾಹನ ಕೈ. ಕೈ ಅಲ್ಲದಿದ್ದರೆ ಕೈ ಹಿಡಿದ ಸ್ಟೆಥಾಸ್ಕೋಪ್, ಅಳತೆಯ ಟೇಪ್, ಉಷ್ಣಮಾಪಕ.

ಮೊದಲು ಮಾಡಿದ್ದು

ಎಲ್ಲ ಕಡೆ ಮಾಡುವುದನ್ನೇ ಇಲ್ಲೂ ಮಾಡಿದರು: ತರಬೇತಿ. ಎರಡು ದಿನ, ಎಲ್ಲ ಪಾಳಿಯವರಿಗೂ, ಸಹಿ ಪಡೆದು. ಹೊಸ ಭಿತ್ತಿಚಿತ್ರ ಅಂಟಿಸಿದರು. ಎಲ್ಲರ ಕೈಯಿಂದ ಸ್ವಾಬ್ (ಹತ್ತಿಯಿಂದ ಒರೆಸಿದ ಸ್ಯಾಂಪಲ್) ತೆಗೆದು ಲ್ಯಾಬಿಗೆ ಕಳಿಸುವ ಸಲಹೆಯೂ ಬಂತು. ಸೋಂಕು ನಿಯಂತ್ರಣ ನರ್ಸ್ ಅದಕ್ಕೆ ಒಪ್ಪಲಿಲ್ಲ. ಒಪ್ಪದೇ ಇದ್ದದ್ದು ಸರಿ. ಕೈಯ ಸ್ವಾಬ್ ಆ ಗಳಿಗೆಯ ಮಾತನ್ನಷ್ಟೇ ಹೇಳುತ್ತದೆ. ಯಾರದೋ ಒಬ್ಬರ ಕೈಯಲ್ಲಿ ಬೆಳೆದುಬಿಟ್ಟರೆ ಇಡೀ ಘಟಕ ಅವರತ್ತ ಬೆರಳು ತೋರಿಸುತ್ತದೆ, ಮರುದಿನದಿಂದ ಯಾರೂ ಯಾವ ತಪ್ಪನ್ನೂ ಬಾಯಿಬಿಟ್ಟು ಹೇಳುವುದಿಲ್ಲ.

ಕೈ ಬದಲು ಸೋಪಿನ ಬಾಟಲಿ, ಸಿಂಕಿನ ನಲ್ಲಿ ಮತ್ತು ಹೀರುಗೊಳವೆಯ ಜಾಡಿಯ ಸ್ಯಾಂಪಲ್ ಹೋಯಿತು. ಬಾಗಿಲ ಬಳಿಯ ಲಿಕ್ವಿಡ್ ಸೋಪಿನಲ್ಲಿ ಸ್ಯೂಡೋಮೋನಾಸ್ ಎಂಬ ಜೀವಾಣು ಬೆಳೆಯಿತು.

ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ಸ್ಟೋರಿನಿಂದ ಸೋಪು 5 ಲೀಟರಿನ ಕ್ಯಾನಿನಲ್ಲಿ ಬರುತ್ತದೆ. ಬಾಟಲಿ ಅರ್ಧವಾದಾಗ ಅದಕ್ಕೇ ಮೇಲಿಂದ ಸುರಿಯುತ್ತಾರೆ, ದಪ್ಪಗಿದೆಯೆಂದು ನಲ್ಲಿನೀರನ್ನೂ ಬೆರೆಸುತ್ತಾರೆ. ತಳದ ಸೋಪು ತಿಂಗಳುಗಟ್ಟಲೆ ಹಳೆಯದು. ನೀರು ಬೆರೆತಾಗ ಅದರಲ್ಲಿದ್ದ ಸಂರಕ್ಷಕ ದ್ರವ್ಯ ತೆಳುವಾಗಿ, ನೀರಿನಲ್ಲಿ ಬದುಕುವ ಜೀವಿಗಳಿಗೆ ಬಾಟಲಿಯೇ ಮನೆಯಾಗುತ್ತದೆ. ಪಂಪಿನ ಕೆಳಗಿನ ನಳಿಕೆಯನ್ನು ತೆಗೆದು ಬೆಳಕಿಗೆ ಹಿಡಿದರೆ ಒಳಗೆ ನಸುಗೆಂಪು ಲೋಳೆ. ಕೈ ಶುದ್ಧವಾಗಲಿ ಎಂದು ಇಟ್ಟ ವಸ್ತುವೇ ಕೈಗೆ ಬಳಿಯುತ್ತಿತ್ತು.

ಇಲ್ಲಿ ಪ್ರಕರಣ ಮುಗಿದೇಹೋಗುವುದರಲ್ಲಿತ್ತು. ಸೋಪು ಎಸೆದರು, ಹೊಸ ಬಾಟಲಿ ತಂದರು, ‘ಮೂಲ ಪತ್ತೆ’ ಎಂದು ವರದಿ ಬರೆಯಲು ಕೂತರು. ಅದಕ್ಕೆ ಸಹಿ ಹಾಕಲು ಒಪ್ಪದವರು ಇನ್‌ಚಾರ್ಜ್ ಸಿಸ್ಟರ್. ಅವರ ಪ್ರಶ್ನೆ ಸರಳ: ಕೂಸುಗಳ ರಕ್ತದಲ್ಲಿದ್ದದ್ದು ಕ್ಲೆಬ್ಸಿಯೆಲ್ಲಾ, ಸೋಪಿನಲ್ಲಿರುವುದು ಸ್ಯೂಡೋಮೋನಾಸ್. ಇದು ಅದಲ್ಲವಲ್ಲ? ಕೊಳಕು ಸೋಪು ದೊಡ್ಡ ತಪ್ಪೇ, ಸರಿಪಡಿಸಲೇಬೇಕು. ಆದರೆ ಮೂರು ಕೂಸುಗಳ ಉತ್ತರ ಅದರಲ್ಲಿರಲಿಲ್ಲ. ಸಿಕ್ಕಿದ ಮೊದಲ ಕೊಳಕನ್ನೇ ಕಾರಣವೆಂದು ಹಿಡಿದು ಫೈಲು ಮುಚ್ಚುವುದು ಇಂಥ ತನಿಖೆಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ದೋಷ. ಆ ಸಹಿ ಬೀಳದೇ ಉಳಿದದ್ದು ಮೊದಲ ತಿರುವು.

ಸ್ಟೋರಿನ ಪುಸ್ತಕ

ಎರಡನೆಯ ತಿರುವು ಬಂದದ್ದು ಸ್ಟೋರಿನಿಂದ. ಘಟಕಕ್ಕೆ ಹಿಂದಿನ ತಿಂಗಳು ಎಷ್ಟು ಹ್ಯಾಂಡ್ ರಬ್ (ನೀರಿಲ್ಲದೆ ಕೈಗೆ ಉಜ್ಜುವ ಆಲ್ಕೋಹಾಲ್ ದ್ರಾವಣ) ಹೋಗಿದೆ ಎಂದು ಕೇಳಿದಾಗ ಸ್ಟೋರ್ ಕೀಪರ್ ವಾರ್ಡುಗಳು ಒಯ್ದದ್ದನ್ನು ಬರೆಯುವ ಇಂಡೆಂಟ್ ಪುಸ್ತಕ ತೆರೆದು ತೋರಿಸಿದರು: 500 ಮಿಲಿಲೀಟರಿನ ಮೂರು ಬಾಟಲಿ. ಕಡಿಮೆ ಬಳಸುವ ವಾರ್ಡ್ ಎಂದು ಅವರಿಗೆ ಮೆಚ್ಚುಗೆಯೂ ಇತ್ತು.

ಒಂದು ಸಲ ಕೈ ಉಜ್ಜಲು ಸುಮಾರು 3 ಮಿಲಿಲೀಟರ್ ಬೇಕು. 1,500 ಮಿಲಿಲೀಟರ್ ಎಂದರೆ 500 ಸಲ. ತಿಂಗಳ 30 ದಿನಕ್ಕೆ ಹಂಚಿದರೆ ದಿನಕ್ಕೆ 17 ಸಲಕ್ಕೂ ಕಡಿಮೆ. ಘಟಕ ತುಂಬಿತ್ತು. ಹನ್ನೆರಡು ಕೂಸುಗಳಿಗೆ ಹಂಚಿದರೆ, ಒಂದು ಕೂಸಿಗೆ ಇಡೀ ದಿನದಲ್ಲಿ ಒಂದೂವರೆ ಸಲವೂ ಇಲ್ಲ.

‘ನಾವು ಸೋಪಿನಲ್ಲೇ ಹೆಚ್ಚು ತೊಳೆಯುವುದು’ ಎಂಬ ಉತ್ತರ ಬಂತು. ಇರಬಹುದು. ಸೋಪಿನಲ್ಲಿ ತೊಳೆದರೆ ಒರೆಸಲು ಬಟ್ಟೆ ಬೇಕು. ಒಮ್ಮೆ ಒರೆಸಿ ತೊಟ್ಟಿಗೆ ಹಾಕುವ, ಆಟೋಕ್ಲೇವ್ ಮಾಡಿದ (ಒತ್ತಡದ ಹಬೆಯಲ್ಲಿ ಶುದ್ಧಗೊಳಿಸಿದ) ಬಟ್ಟೆ ತುಂಡುಗಳು ದಿನಕ್ಕೆ 60 ಬರುತ್ತಿದ್ದವು. ಸೋಪಿನದು 60, ರಬ್ಬಿನದು 17, ಒಟ್ಟು 77. ಹಾಲು ಕುಡಿಯುವ ಎಂಟು ಕೂಸುಗಳಿಗೆ ಎರಡು ತಾಸಿಗೊಮ್ಮೆ ಹಾಲು ಕೊಟ್ಟರೆ ದಿನಕ್ಕೆ 96 ಸಲ. ಹಾಲಿಗೆ ಮುನ್ನ ಒಂದೊಂದು ಸಲ ಕೈ ಶುಚಿ ಮಾಡಲೂ ಈ 77 ಸಾಲದು. ಇನ್ನು ಲಂಗೋಟಿ ಬದಲಿಸಿದ ಮೇಲಿನದು, ಡ್ರಿಪ್ ಮುಟ್ಟುವ ಮುನ್ನದ್ದು, ಡಾಕ್ಟರರ ರೌಂಡಿನದು ಎಲ್ಲಿಂದ ಬರಬೇಕು? ಬಟ್ಟೆ ಇಲ್ಲದಾಗ ತೊಳೆದವರು ಕೋಟಿಗೋ ಸೆರಗಿಗೋ ಒರೆಸಿಕೊಂಡಿರಬೇಕು. ಹಾಗೆ ಒರೆಸಿದ ಕೈಯನ್ನು ತೊಳೆದ ಕೈ ಎಂದು ಲೆಕ್ಕಕ್ಕೆ ಹಿಡಿಯುವಂತಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಸ್ವಮೌಲ್ಯಮಾಪನ ಚೌಕಟ್ಟಿನಲ್ಲಿ ಸಾವಿರ ರೋಗಿ-ದಿನಕ್ಕೆ (ಒಬ್ಬ ರೋಗಿ ಒಂದು ದಿನ ಇದ್ದರೆ ಒಂದು ರೋಗಿ-ದಿನ) ಕನಿಷ್ಠ 20 ಲೀಟರ್ ಹ್ಯಾಂಡ್ ರಬ್ ಎಂಬ ಅಳತೆಗೋಲಿದೆ. 12 ಕೂಸು, 30 ದಿನ ಎಂದರೆ 360 ರೋಗಿ-ದಿನ. ಅದಕ್ಕೆ 7.2 ಲೀಟರ್, ಅಂದರೆ 14–15 ಬಾಟಲಿ ಬೇಕು. ಹೋದದ್ದು ಮೂರು. ರೆಜಿಸ್ಟರ್ ಶೇ. 90 ಎನ್ನುತ್ತಿತ್ತು, ಸ್ಟೋರಿನ ಪುಸ್ತಕ ಬೇರೆಯೇ ಹೇಳುತ್ತಿತ್ತು. ಇಂಥ ಕಡೆ ಸ್ಟೋರಿನ ಪುಸ್ತಕವನ್ನೇ ನಂಬಬೇಕು, ಯಾಕೆಂದರೆ ಅದನ್ನು ಬರೆಯುವವರಿಗೆ ಕೈ ಶುಚಿತ್ವದ ಅಂಕ ಬೇಕಾಗಿಲ್ಲ. ರೆಜಿಸ್ಟರ್ ತುಂಬುತ್ತಿದ್ದವರು ಸುಳ್ಳು ಬರೆದಿದ್ದರೆಂದಲ್ಲ. ತಿಂಗಳ ಕೊನೆಗೆ, ಬೆಳಗಿನ ಪಾಳಿಯಲ್ಲಿ, ಎಲ್ಲರಿಗೂ ಕಾಣುವ ಹಾಗೆ ಪುಸ್ತಕ ಹಿಡಿದು ನಿಂತರೆ ಎಲ್ಲರೂ ಕೈ ಉಜ್ಜುತ್ತಾರೆ. ನೋಡುತ್ತಿದ್ದಾರೆ ಎಂದು ಗೊತ್ತಾದಾಗಿನ ಕೈಯನ್ನು ಮಾತ್ರ ಅದು ಅಳೆಯುತ್ತಿತ್ತು.

ಹಾಲಿನ ಸುತ್ತು

ಹೊಸದಾಗಿ ಎರಡು ದಿನ, 20 ನಿಮಿಷದ ತುಂಡುಗಳಲ್ಲಿ, ರಾತ್ರಿಯೂ ಸೇರಿದಂತೆ ಗಮನಿಸಲಾಯಿತು. ಹೆಸರು ಬರೆಯಲಿಲ್ಲ, ಕೆಲಸ ಮಾತ್ರ ಬರೆದರು. ಎಲ್ಲಕ್ಕಿಂತ ಹೆಚ್ಚು ಹೇಳಿದ್ದು ರಾತ್ರಿ ಎರಡರ ಹಾಲಿನ ಸುತ್ತು.

ಒಬ್ಬ ಸಿಸ್ಟರ್‌ಗೆ ಆರು ಕೂಸು. ಪ್ರತಿ ಕೂಸಿಗೂ ಕಡಿಮೆಯೆಂದರೆ ನಾಲ್ಕು ಸಲ ಕೈ ಶುಚಿಯಾಗಬೇಕು: ಮುಟ್ಟುವ ಮುನ್ನ, ಲಂಗೋಟಿ ಬದಲಿಸಿದ ಮೇಲೆ, ಮೂಗಿನ ಇಲ್ಲವೇ ಬಾಯಿಯ ನಳಿಕೆಗೆ ಹಾಲು ಹಾಕುವ ಮುನ್ನ, ಬಿಟ್ಟು ಮುಂದಿನ ಕೂಸಿಗೆ ಹೋಗುವಾಗ. ಒಟ್ಟು 24. ಸೋಪು–ನೀರಿನ ತೊಳೆತಕ್ಕೆ 40ರಿಂದ 60 ಸೆಕೆಂಡು, ಅದರ ಮೇಲೆ ಹೋಗಿ ಬರುವ ಹೆಜ್ಜೆ. ಸಿಂಕನ್ನೇ ನಂಬಿದರೆ ಪ್ರತಿ ಸುತ್ತಿಗೆ 24 ನಿಮಿಷಕ್ಕೂ ಹೆಚ್ಚು ಕೈಯಲ್ಲೇ ಹೋಗುತ್ತದೆ. ಎರಡು ತಾಸಿಗೆ ಮತ್ತೊಂದು ಸುತ್ತು ಬರುವ ರಾತ್ರಿಯಲ್ಲಿ ಇದು ಆಗುವ ಮಾತಲ್ಲ. ಎಷ್ಟೇ ತರಬೇತಿ ಕೊಟ್ಟರೂ ಆಗದು. ಕೂಸಿನ ಪಕ್ಕದಲ್ಲೇ ಬಾಟಲಿ ಇದ್ದು 25 ಸೆಕೆಂಡು ಉಜ್ಜಿದರೆ ಅದೇ 24 ಸಲಕ್ಕೆ 10 ನಿಮಿಷ.

ಆದರೆ ಬಾಟಲಿಗಳಿದ್ದದ್ದು ಕೋಣೆಗೊಂದರಂತೆ, ಸಿಸ್ಟರ್ ಮೇಜಿನ ಮೇಲೆ. ಹಾಗಾಗಿ ರಾತ್ರಿಯ ಸಿಸ್ಟರ್‌ಗಳು ತಮಗೆ ತೋಚಿದ ದಾರಿ ಹಿಡಿದಿದ್ದರು: ಸುತ್ತಿನ ಆರಂಭಕ್ಕೆ ಗ್ಲೌಸ್ ಹಾಕಿ, ಆರೂ ಕೂಸು ಮುಗಿದ ಮೇಲೆ ತೆಗೆಯುವುದು. ಶುಚಿಯಾಗಿರಲೆಂದೇ ಹಾಕಿದ್ದು. ಗ್ಲೌಸ್ ಕಾಪಾಡುವುದು ಹಾಕಿಕೊಂಡವರ ಕೈಯನ್ನು. ಮೊದಲ ಕೂಸಿನ ಲಂಗೋಟಿ ಮುಟ್ಟಿದ ಗ್ಲೌಸೇ ಆರನೆಯ ಕೂಸಿನ ಹಾಲಿನ ಒಳಲೆ ಹಿಡಿಯುತ್ತದೆ. ಬರಿಗೈಯಾದರೆ ಅಂಟಿದ್ದು ಅರಿವಿಗೆ ಬಂದು ತೊಳೆಯಬೇಕೆನಿಸುತ್ತದೆ, ಗ್ಲೌಸಿನೊಳಗೆ ಅದೂ ಇಲ್ಲ. ಕೋಣೆಗೆ ಒಂದೇ ಸ್ಟೆಥಾಸ್ಕೋಪ್ ಮತ್ತು ಒಂದೇ ಟೇಪ್ ಇದ್ದದ್ದೂ ಆಗಲೇ ಕಣ್ಣಿಗೆ ಬಿತ್ತು.

ಬದಲಾವಣೆಗಳು, ಎಡವಿದ ಕಡೆಗಳು

ಮೊದಲ ತೀರ್ಮಾನ: ವಾರ್ಮರ್‌ಗೊಂದು ಬಾಟಲಿ. ಇಡುವುದೆಲ್ಲಿ ಎಂಬಲ್ಲೇ ಎಡವಿದರು. ಕೈಗೆ ಹತ್ತಿರವೆಂದು ವಾರ್ಮರ್‌ನ ಮೇಲಿನ ತಟ್ಟೆಯಲ್ಲಿಟ್ಟರು. ಅದು ಹೀಟರಿನ ಪಕ್ಕ. ಹ್ಯಾಂಡ್ ರಬ್‌ನಲ್ಲಿ ಮುಕ್ಕಾಲು ಭಾಗ ಆಲ್ಕೋಹಾಲ್, 20 ಡಿಗ್ರಿಗಿಂತ ಕೆಳಗಿನ ತಾಪದಲ್ಲೇ ಅದರ ಆವಿಗೆ ಬೆಂಕಿ ಹತ್ತಬಲ್ಲದು. ಆಮ್ಲಜನಕ ಹರಿಯುವ ಜಾಗದಲ್ಲಿ ಅಪಾಯ ಇನ್ನೂ ಹೆಚ್ಚು. ಜೈವಿಕ ಉಪಕರಣ ನೋಡುವ ತಂತ್ರಜ್ಞ ಇದನ್ನು ಹಿಡಿದು, ಬಾಟಲಿಯನ್ನು ಕಾಲ ಬದಿಯ ಕೆಳಗಿನ ಕಂಬಿಗೆ ಇಳಿಸಿದರು. ಹಳೆಯ ಸಲೈನ್ ಸ್ಟ್ಯಾಂಡಿನ ತಂತಿ ಬಗ್ಗಿಸಿ ಮಾಡಿದ ಬಳೆಯಲ್ಲಿ ಬಾಟಲಿ ಕೂತಿತು. ಕೈ ಪೂರ್ತಿ ಒಣಗುವವರೆಗೆ ಕೂಸನ್ನಾಗಲಿ ಆಮ್ಲಜನಕದ ನಳಿಕೆಯನ್ನಾಗಲಿ ಮುಟ್ಟಬಾರದೆಂಬ ನಿಯಮ ಅದರ ಜೊತೆಗೇ ಬಂತು.

ಎರಡನೆಯದು ಪಂಪ್. ‘ಒಂದು ಒತ್ತು ಸಾಕು’ ಎಂದು ಎಲ್ಲರೂ ಕಲಿತಿದ್ದರು. ಹತ್ತು ಒತ್ತನ್ನು ಅಳತೆ ಲೋಟಕ್ಕೆ ಹಿಡಿದು ನೋಡಿದರೆ ಬಂದದ್ದು 12 ಮಿಲಿಲೀಟರ್. ಅಂದರೆ ಒತ್ತಿಗೆ 1.2. ಬೇಕಾದದ್ದರಲ್ಲಿ ಅರ್ಧವೂ ಅಲ್ಲ. ಅಷ್ಟರಲ್ಲಿ ಕೈ ಹತ್ತು ಸೆಕೆಂಡಿಗೇ ಒಣಗುತ್ತದೆ, ಆರು ಹಂತ ಮುಗಿಯುವುದಿಲ್ಲ, ಹೆಬ್ಬೆರಳೂ ಉಗುರ ತುದಿಯೂ ಬಿಟ್ಟುಹೋಗುತ್ತವೆ. ಆಮೇಲೆ ಒತ್ತಿನ ಲೆಕ್ಕ ಬಿಟ್ಟು ಒದ್ದೆಯ ಲೆಕ್ಕ ಹಿಡಿದರು: 20 ಸೆಕೆಂಡಿಗೆ ಮೊದಲೇ ಕೈ ಒಣಗಿದರೆ ತೆಗೆದುಕೊಂಡದ್ದು ಕಡಿಮೆ. ಚಿಕ್ಕ ಕೈಗೆ ಎರಡು ಒತ್ತು, ದೊಡ್ಡ ಕೈಗೆ ಮೂರು. ಕಣ್ಣಿಗೆ ಬಟ್ಟೆ ಕಟ್ಟಿ, ಗ್ಲೌಸ್ ತೊಟ್ಟ ಕೈಗೆ ಪೋಸ್ಟರ್ ಬಣ್ಣ ಹಾಕಿ ಉಜ್ಜಿಸಿದಾಗ ಬಣ್ಣ ಹತ್ತದೆ ಉಳಿದ ಜಾಗವನ್ನು ತಾವೇ ಕಂಡರು. ಎರಡು ದಿನದ ಉಪನ್ಯಾಸಕ್ಕಿಂತ ಈ ಐದು ನಿಮಿಷ ಹೆಚ್ಚು ಕೆಲಸ ಮಾಡಿತು.

ಮೂರನೆಯದು ಚರ್ಮ. ಬಾಟಲಿ ಪಕ್ಕದಲ್ಲಿದ್ದರೂ ಮೂವರು ಸಿಸ್ಟರ್ ಬಳಸುತ್ತಿರಲಿಲ್ಲ. ಕೇಳಿದರೆ ಉರಿ. ಬೆರಳ ಸಂದಿಯಲ್ಲಿ ಬಿರುಕು ಬಿಟ್ಟಿತ್ತು. ಉರಿಯುವುದು ರಬ್ ಹಾಕಿದಾಗ, ಹಾಗಾಗಿ ರಬ್ಬೇ ಕೆಟ್ಟದ್ದೆಂಬ ನಂಬಿಕೆ ಬೆಳೆದಿತ್ತು. ಬಿರುಕು ಬಿಡಿಸಿದ್ದು ನಿಜಕ್ಕೂ ಸೋಪು: ತೊಳೆದು, ಅರೆಬರೆ ಒರೆಸಿ, ಒದ್ದೆ ಕೈಗೇ ಗ್ಲೌಸ್ ಹಾಕುವುದು, ರಬ್ ಹಾಕಿ ಅಂಟೆನಿಸಿದಾಗ ಮತ್ತೆ ಸೋಪಿನಲ್ಲಿ ತೊಳೆಯುವುದು. ಗ್ಲಿಸರಿನ್ ಇರುವ ರಬ್, ಸೋಪಿಗಿಂತ ಚರ್ಮಕ್ಕೆ ಮೃದು. ಆದರೆ ಆಗಲೇ ಒಡೆದ ಚರ್ಮಕ್ಕೆ ಆಲ್ಕೋಹಾಲ್ ಉರಿಯದೇ ಇರದು. ರಬ್ಬಿನ ಹಿಂದೆಮುಂದೆ ಸೋಪು ಬೇಡ, ಕೈಗೆ ಕೊಳೆ ಕಂಡರೆ ಇಲ್ಲವೇ ಮೈದ್ರವ ತಗುಲಿದರೆ ಮಾತ್ರ ಸೋಪು ಎಂದು ತೀರ್ಮಾನವಾಯಿತು. ಮನೆಯ ಕೊಬ್ಬರಿ ಎಣ್ಣೆಗೂ ಜಾಗ ಸಿಕ್ಕಿತು, ಪಾಳಿ ಮುಗಿದ ಮೇಲೆ. ಡ್ಯೂಟಿಯ ನಡುವೆ ಹಚ್ಚಿದರೆ ಎಣ್ಣೆ ಲೇಟೆಕ್ಸ್ ಗ್ಲೌಸನ್ನು ಸಡಿಲ ಮಾಡುತ್ತದೆ. ಬಿರುಕು ತೀರಾ ಇದ್ದ ಒಬ್ಬರಿಗೆ ಎರಡು ವಾರ ಹೊರರೋಗಿ ವಿಭಾಗದ ನೋಂದಣಿ ಕೆಲಸ ಕೊಟ್ಟರು. ಒಡೆದ ಚರ್ಮದಲ್ಲಿ ಜೀವಾಣು ಸುಲಭವಾಗಿ ನೆಲೆಸುವುದರಿಂದ ಇದನ್ನು ರಿಯಾಯಿತಿ ಎಂದುಕೊಳ್ಳಬೇಕಿಲ್ಲ.

ಮಳೆಗಾಲ ಒರೆಸುವ ಬಟ್ಟೆಯಲ್ಲೂ ಕೈಯಾಡಿಸಿತ್ತು. ಹಳೆಯ ಬೆಡ್‌ಶೀಟ್ ಕತ್ತರಿಸಿ ಮಾಡಿದ ತುಂಡುಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಗ್ಗದ ಮೇಲೆ ಒಣಗುವುದಿಲ್ಲ. ತೇವದಲ್ಲೇ ಮಡಚಿ ಡ್ರಮ್ಮಿಗೆ ತುಂಬಿ ಆಟೋಕ್ಲೇವ್ ಮಾಡುತ್ತಿದ್ದರು. ಡ್ರಮ್ ತೆರೆದಾಗ ಒಳಗಿನ ಬಟ್ಟೆ ಒದ್ದೆಯಾಗಿದ್ದರೆ ಅದು ಶುದ್ಧವಲ್ಲ. ತೇವದ ಮೂಲಕ ಹೊರಗಿನ ಜೀವಾಣು ಒಳಗೆ ಇಳಿಯುತ್ತದೆ. ಆ ನಾಲ್ಕು ತಿಂಗಳಿಗೆ ಪೇಪರ್ ಟವೆಲ್ ಕೊಳ್ಳುವುದು, ಬೇಸಿಗೆಗೆ ಬಟ್ಟೆ ಎಂದು ಒಪ್ಪಂದವಾಯಿತು. ಖರ್ಚಿನ ಮಾತು ಬಂದಾಗ ಉತ್ತರವೂ ಸಿದ್ಧವಿತ್ತು: ರಬ್ ಹೆಚ್ಚಾದರೆ ಸೋಪಿನ ತೊಳೆತ ಇಳಿಯುತ್ತದೆ, ಟವೆಲೂ ಇಳಿಯುತ್ತದೆ.

ಸೋಪಿನ ವಿಷಯ ಬೇಗ ಮುಗಿಯಿತು. ಬಾಟಲಿ ಪೂರ್ತಿ ಖಾಲಿಯಾಗುವವರೆಗೆ ತುಂಬುವಂತಿಲ್ಲ. ಖಾಲಿಯಾದದ್ದನ್ನು ಪಂಪ್ ಸಮೇತ ತೊಳೆದು, ಒಣಗಿಸಿ, ತಾರೀಕು ಬರೆದು ತುಂಬಬೇಕು. ನೀರು ಬೆರೆಸುವಂತಿಲ್ಲ. ತಾಯಂದಿರು ಕೈ ತೊಳೆಯುವ ಕಡೆ ನೀರು ನಿಲ್ಲುವ ಡಬ್ಬಿಯೊಳಗಿನ ದೊಡ್ಡ ಸೋಪಿನ ಬದಲು ಜಾಲರಿಯ ಮೇಲೆ ಚಿಕ್ಕ ತುಂಡು. ಉಳಿದ ಹಾಲನ್ನೂ ಸಲೈನನ್ನೂ ಕೈ ತೊಳೆಯುವ ಸಿಂಕಿಗೆ ಸುರಿಯುವುದು ನಿಂತಿತು, ಏಕೆಂದರೆ ಅದು ಕೊಳವೆಯೊಳಗಿನ ಲೋಳೆಗೆ ಊಟ. ಓವರ್‌ಹೆಡ್ ಟ್ಯಾಂಕಿನ ನೀರಿಗೆ ಕ್ಲೋರೋಸ್ಕೋಪ್ ಪರೀಕ್ಷೆ ದಿನಚರಿಗೆ ಸೇರಿತು. ನಲ್ಲಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಮ್ ಉಳಿಕೆ ಕ್ಲೋರಿನ್ ಇರಲೇಬೇಕು, ಮಳೆಯ ಕೆಸರು ನೀರಿನಲ್ಲಿ ಅದು ಬೇಗ ಖರ್ಚಾಗುತ್ತದೆ.

ಬಳೆ, ಮತ್ತು ಸರ್ ಅವರ ಕೈ

ಮೊಣಕೈ ಕೆಳಗೆ ಏನೂ ಇರಬಾರದೆಂಬ ನಿಯಮ ಬಳೆಯ ಹತ್ತಿರ ನಿಂತುಬಿಟ್ಟಿತ್ತು. ಮದುವೆಯಾದವರ ಬರಿಗೈ ಎಂದರೆ ಈ ಸೀಮೆಯಲ್ಲಿ ಅರ್ಥವೇ ಬೇರೆ. ಹಾಗಾಗಿ ಇದು ಸಂಪ್ರದಾಯದ ಪ್ರಶ್ನೆ, ಮುಟ್ಟುವುದು ಬೇಡ ಎಂದು ಮೇಲಿನವರು ಸುಮ್ಮನಿದ್ದರು. ಒಬ್ಬೊಬ್ಬರನ್ನೇ ಕೂರಿಸಿ ಕೇಳಿದಾಗ ಹೊರಬಂದದ್ದು ಬೇರೆ. ಹೆಚ್ಚಿನವರ ಅಂಜಿಕೆ ಚಿನ್ನ ಕಳೆದುಹೋದೀತೆಂಬುದು. ಬಟ್ಟೆ ಬದಲಿಸುವ ಕೋಣೆಯ ಕಪಾಟಿಗೆ ಬೀಗವಿರಲಿಲ್ಲ! ಪ್ರತಿಯೊಬ್ಬರಿಗೂ ಬೀಗದ ಚಿಕ್ಕ ಖಾನೆ ಬಂದ ಮೇಲೆ ಇಬ್ಬರ ಹೊರತು ಎಲ್ಲರೂ ಬಳೆ–ಉಂಗುರ ತೆಗೆದಿಟ್ಟರು. ಆ ಇಬ್ಬರಿಗೂ ಒತ್ತಾಯ ಮಾಡಲಿಲ್ಲ. ಹಾಲಿನ ಕೋಣೆ ಮತ್ತು ಡ್ರಿಪ್ ತಯಾರಿಯಿಂದ ಅವರನ್ನು ದೂರವಿಟ್ಟರು. ಕೆಲ ವಾರಗಳಲ್ಲಿ ಒಬ್ಬರು ತಾವಾಗಿಯೇ ಖಾನೆಯ ಕೀಲಿ ಕೇಳಿದರು. ಕರಿಮಣಿಯ ವಿಚಾರದಲ್ಲಿ ತಕರಾರೇ ಬರಲಿಲ್ಲ, ಅದು ಕೋಟಿನೊಳಗೆ ಉಳಿಯಿತು.

ಡಾಕ್ಟರರ ರೌಂಡ್ ಇನ್ನೂ ಸೂಕ್ಷ್ಮದ್ದು. ಕಿರಿಯ ಸಿಸ್ಟರ್ ಹಿರಿಯ ತಜ್ಞರಿಗೆ ‘ಸರ್, ಕೈ’ ಎನ್ನುವುದು ನಿಯಮಾವಳಿಯಲ್ಲಿ ಸುಲಭ, ವಾರ್ಡಿನಲ್ಲಿ ಅಲ್ಲ. ಇದಕ್ಕೆ ಸಿಕ್ಕ ದಾರಿ ಮಾತಿಲ್ಲದ್ದು. ರೌಂಡಿನಲ್ಲಿ ಫೈಲು ಹಿಡಿಯುವವರು ಒಬ್ಬರಾದರೆ ಬಾಟಲಿ ಹಿಡಿಯುವವರು ಇನ್ನೊಬ್ಬರು. ಪ್ರತಿ ವಾರ್ಮರ್ ಮುಂದೆ ಬಾಟಲಿ ಮುಂದೆ ಬರುತ್ತದೆ, ‘ಕೈ ಕೊಡಿ ಸರ್’ ಎನ್ನುತ್ತಾರೆ, ತೀರ್ಥ ಕೊಟ್ಟ ಹಾಗೆ. ಮುಖ್ಯ ವೈದ್ಯಾಧಿಕಾರಿ ಮೊದಲ ದಿನ ತಾವೇ ಅಂಗೈ ಚಾಚಿ ನಿಂತರು, ಉಳಿದವರಿಗೆ ಬೇರೆ ಹೇಳಬೇಕಾಗಲಿಲ್ಲ. ತಪ್ಪು ಎತ್ತಿ ತೋರಿಸಬೇಕಾದ ಕೆಲಸ ಹೀಗೆ ಉಪಚಾರದ ಕೆಲಸವಾಯಿತು. ಸಂಜೆ ಒಬ್ಬರೇ ಬಂದು ಕೂಸು ನೋಡುವ ಡಾಕ್ಟರರ ವಿಷಯದಲ್ಲಿ ಮಾತ್ರ ಈ ಉಪಾಯ ನಡೆಯಲಿಲ್ಲ.

ಹಾಲಿನ ಸುತ್ತಿನಲ್ಲಿ ಕೆಲಸದ ಕ್ರಮವನ್ನೂ ಬದಲಿಸಿದರು. ಮೊದಲು ಡ್ರಿಪ್–ಇಂಜೆಕ್ಷನ್, ಆಮೇಲೆ ಲಂಗೋಟಿ, ಕೈ ಉಜ್ಜಿ ಹಾಲು. ಶುದ್ಧ ಕೆಲಸ ಮುಂದೆ, ಕೊಳೆಯ ಕೆಲಸ ಹಿಂದೆ ಎಂಬ ಸೂತ್ರವನ್ನು ಅಕ್ಷರಶಃ ಹಿಡಿದರೆ ಹಾಲಿನ ನಂತರ ಲಂಗೋಟಿ ಬರಬೇಕು. ಆದರೆ ಹೊಟ್ಟೆ ತುಂಬಿದ ಕೂಸನ್ನು ಹೊರಳಿಸಿದರೆ ಕಕ್ಕುತ್ತದೆ, ಕಕ್ಕಿದ್ದು ಶ್ವಾಸಕ್ಕೆ ಹೋಗಬಹುದು. ಇಂಥ ಕಡೆ ಸೂತ್ರವನ್ನು ಬಗ್ಗಿಸಿ, ಒಂದು ಉಜ್ಜುವಿಕೆ ಹೆಚ್ಚು ಸೇರಿಸಬೇಕು. ಪ್ರತಿ ಕೂಸಿಗೂ ತನ್ನದೇ ಟೇಪ್, ಉಷ್ಣಮಾಪಕ ಬಂತು. ಸ್ಟೆಥಾಸ್ಕೋಪ್ ಎಲ್ಲರಿಗೂ ಸಾಲಲಿಲ್ಲ, ಇದ್ದವನ್ನು ಕೂಸಿನಿಂದ ಕೂಸಿಗೆ ಸ್ಪಿರಿಟ್ಟಿನಲ್ಲಿ ಒರೆಸಿದರು.

ಏನಾಯಿತು

ಮೊದಲ ತಿಂಗಳು ಒಂಬತ್ತು ಬಾಟಲಿ, ಎರಡನೆಯ ತಿಂಗಳು ಹದಿಮೂರು. ಮೂರನೆಯ ತಿಂಗಳ ಮಧ್ಯದಲ್ಲಿ ಬಾಟಲಿಯೇ ಇಲ್ಲ. ವರ್ಷದ ಖರೀದಿ ಹಳೆಯ ಬಳಕೆಯ ಲೆಕ್ಕದಲ್ಲಿ ಆಗಿತ್ತು, ಅಂದರೆ ತಿಂಗಳಿಗೆ ಮೂರು ಬಾಟಲಿಯ ಲೆಕ್ಕದಲ್ಲಿ. ಸುಧಾರಣೆ ಚೆನ್ನಾಗಿ ನಡೆದದ್ದಕ್ಕೇ ಸ್ಟಾಕ್ ಮುಗಿಯಿತು. ಬಾಟಲಿ ಇಲ್ಲದ ಹನ್ನೊಂದು ದಿನಗಳಲ್ಲಿ ರಾತ್ರಿ ಪಾಳಿಯ ಗ್ಲೌಸ್ ಅಭ್ಯಾಸ ಹಾಗೆಯೇ ಮರಳಿ ಬಂತು. ತರಬೇತಿ ಪಡೆದವರು ಅವರೇ, ಮನಸ್ಸಿದ್ದವರೂ ಅವರೇ. ಬಾಟಲಿ ಮಾತ್ರ ಇರಲಿಲ್ಲ.

ಆಗ ಆಸ್ಪತ್ರೆಯ ಫಾರ್ಮಸಿಯಲ್ಲೇ ತಯಾರಿಸುವ ತೀರ್ಮಾನವಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಎರಡು ಸೂತ್ರಗಳಲ್ಲಿ ಎಥನಾಲ್‌ನದಕ್ಕೆ ಅಬಕಾರಿ ಇಲಾಖೆಯ ಪರವಾನಗಿ ಬೇಕು. ಹಾಗಾಗಿ ಐಸೊಪ್ರೊಪೈಲ್ ಆಲ್ಕೋಹಾಲ್‌ನ ಸೂತ್ರ ಹಿಡಿದರು. ಹತ್ತು ಲೀಟರಿಗೆ: ಶೇ. 99.8ರ ಐಸೊಪ್ರೊಪೈಲ್ ಆಲ್ಕೋಹಾಲ್ 7,515 ಮಿಲಿಲೀಟರ್, ಶೇ. 3ರ ಹೈಡ್ರೋಜನ್ ಪೆರಾಕ್ಸೈಡ್ 417, ಶೇ. 98ರ ಗ್ಲಿಸರಿನ್ 145, ಉಳಿದದ್ದು ಭಟ್ಟಿ ಇಳಿಸಿದ ಇಲ್ಲವೇ ಕುದಿಸಿ ಆರಿಸಿದ ನೀರು. ಗ್ಲಿಸರಿನ್ ಪಾತ್ರೆಯ ಗೋಡೆಗೆ ಅಂಟುತ್ತದೆ, ಅಳತೆ ಪಾತ್ರೆಯನ್ನು ಅದೇ ನೀರಿನಿಂದ ತೊಳೆದು ಸುರಿಯದಿದ್ದರೆ ಪಾಲು ಕಡಿಮೆಯಾಗುತ್ತದೆ. ಆವಿ ಹಾರದಂತೆ ಮುಚ್ಚಳವನ್ನು ಕೂಡಲೇ ಬಿಗಿಯಬೇಕು. ಬಾಟಲಿಗೆ ತುಂಬಿದ ಮೇಲೆ 72 ತಾಸು ಮುಟ್ಟದೆ ಇಡಬೇಕು. ಆಲ್ಕೋಹಾಲ್ ಬೀಜಕಗಳನ್ನು (ಕೆಲವು ಜೀವಾಣುಗಳ ಗಟ್ಟಿ ಕವಚದ ಸುಪ್ತ ರೂಪ) ಕೊಲ್ಲುವುದಿಲ್ಲ, ದ್ರಾವಣದಲ್ಲೋ ಬಾಟಲಿಯಲ್ಲೋ ಅವು ಉಳಿದಿದ್ದರೆ ಪೆರಾಕ್ಸೈಡ್ ಆ ಅವಧಿಯಲ್ಲಿ ನಾಶಮಾಡುತ್ತದೆ. ಮೊದಲ ಸಲ ತಯಾರಿಸಿದ್ದನ್ನು ಅವಸರದಲ್ಲಿ ಅದೇ ಸಂಜೆ ವಾರ್ಡಿಗೆ ಕಳಿಸಿ, ಮರಳಿ ತರಿಸಿಕೊಳ್ಳಬೇಕಾಯಿತು.

ಕ್ಲೆಬ್ಸಿಯೆಲ್ಲಾ ಬೆಳೆದ ಹೊಸ ಬ್ಲಡ್ ಕಲ್ಚರ್ ಆ ಮಳೆಗಾಲದ ಉಳಿದ ದಿನಗಳಲ್ಲಿ ಕಾಣಲಿಲ್ಲ. ಇದನ್ನು ಕೈಯ ಖಾತೆಗೆ ಮಾತ್ರ ಬರೆಯುವುದು ತಪ್ಪಾಗುತ್ತದೆ. ಟೇಪ್–ಉಷ್ಣಮಾಪಕ ಬೇರೆಯಾದವು, ಸೋಪು ಬದಲಾಯಿತು, ಒಂದು ವಾರ್ಮರ್‌ನಲ್ಲಿ ಎರಡು ಕೂಸು ಮಲಗಿಸುವ ಪ್ರಸಂಗವೂ ಬರಲಿಲ್ಲ. ಮೂರು ಕೂಸುಗಳ ಕ್ಲೆಬ್ಸಿಯೆಲ್ಲಾ ಒಂದೇ ತಳಿಯದ್ದೇ ಎಂದು ಖಚಿತಪಡಿಸುವ ವಂಶವಾಹಿ ಪರೀಕ್ಷೆ ನಡೆಯಲಿಲ್ಲ. ಔಷಧ ಪಟ್ಟಿ ಹೊಂದುವುದರಿಂದ ಅನುಮಾನ ಬಲವಾಗುತ್ತದೆ, ಸಾಬೀತಾಗುವುದಿಲ್ಲ.

ಬೇರೆ ಘಟಕದವರು ಇದರಿಂದ ಎತ್ತಿಕೊಳ್ಳಬಹುದಾದದ್ದು ಒಂದು ಕ್ರಮ. ಜನರಿಗೆ ತಿಳಿವಳಿಕೆ ಇಲ್ಲವೆಂದು ಹೊರಡುವ ಮೊದಲು ಸ್ಟೋರಿನ ಪುಸ್ತಕ ನೋಡಿ, ಹೆಜ್ಜೆ ಎಣಿಸಿ, ಪಂಪಿನ ಒತ್ತು ಅಳೆದು, ಬೆರಳ ಸಂದಿ ನೋಡಿ, ರಾತ್ರಿ ಎರಡಕ್ಕೆ ಹೋಗಿ ನಿಂತು ಬರುವುದು. ಇಲ್ಲಿ ಯಾರಿಗೂ ತಿಳಿವಳಿಕೆ ಕಡಿಮೆಯಿರಲಿಲ್ಲ. ಸುಮನ್–ಕೆ ತಪ್ಪಿಲ್ಲದೆ ಹೇಳುತ್ತಿದ್ದವರ ಕೈಗೆ ಸಮಯವೂ ಬಾಟಲಿಯೂ ಒಣ ಬಟ್ಟೆಯೂ ಇರಲಿಲ್ಲ.

ಉಳಿದ ತೊಡಕುಗಳು ಉಳಿದೇ ಇವೆ. ಸಂಜೆಯ ರೌಂಡ್ ಹಾಗೇ ಇದೆ. ಕೂಸನ್ನು ಘಟ್ಟ ಹತ್ತಿಸುವ ಆಂಬುಲೆನ್ಸಿನಲ್ಲಿ ಬಾಟಲಿ ಇಡಲು ಜಾಗ ನಿಗದಿಯಾಗಿಲ್ಲ, ತಿರುವುಗಳಲ್ಲಿ ಉರುಳಿ ಸೀಟಿನಡಿ ಸೇರುತ್ತದೆ. ಇಂಡೆಂಟ್ ಚೀಟಿಯಲ್ಲಿ ಮಾತ್ರ ಹೊಸದೊಂದು ಕಾಲಮ್ ಬಂದಿದೆ: ಆ ತಿಂಗಳ ರೋಗಿ-ದಿನ. ಬಾಟಲಿಯ ಸಂಖ್ಯೆಯನ್ನು ಅದರೊಡನೆ ತಾಳೆ ನೋಡುವವರು ಸ್ಟೋರ್ ಕೀಪರ್. ಕಡಿಮೆ ಒಯ್ದ ವಾರ್ಡಿಗೆ ಈಗ ಅವರಿಂದ ಕೆಂಪು ಶಾಯಿಯ ಒಂದು ಸಾಲು ಹೋಗುತ್ತದೆ: ‘ಈ ತಿಂಗಳು ಯಾಕೆ ಇಷ್ಟೇ?’